ಹಳ್ಳದ ದಾರಿಗೆ ನಾಯಿ ಬರಲಿ, ಹಗ್ಗ ನಮ್ಮ ಕೈಯಲ್ಲಿರಲಿ

ಸಂಪಾದಕರೇ,

ಹಳ್ಳದ ಪಕ್ಕದ ನೆರಳಿನ ದಾರಿಗಳಿಗೆ ನಾಯಿ ಕರೆತರುವುದನ್ನೇ ನಿಲ್ಲಿಸಬೇಕು ಅಂತ ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ನಾನು ದಿನಾ ಬೆಳಿಗ್ಗೆ ಅಂಥದ್ದೇ ಒಂದು ದಾರಿಯಲ್ಲಿ ನಾಯಿ ಹಿಡಿದು ನಡೆಯುವವಳು. ಓದಿದ ಕೂಡಲೇ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಸಂಜೆ ಇನ್ನೊಂದು ಸಲ ಓದಿದೆ. ಹಗ್ಗ ಬಿಚ್ಚಿಬಿಟ್ಟ ನಾಯಿಗಳು ಮೈಮೇಲೆ ಬರುತ್ತವೆ, ದಾರಿಯುದ್ದಕ್ಕೂ ಗಲೀಜು, ಮೊದಲು ಕಾಣುತ್ತಿದ್ದ ಹಕ್ಕಿಗಳು ಈಗ ಕಾಣುವುದಿಲ್ಲ. ಅವರ ದೂರು ಈ ಮೂರು. ಮೂರೂ ನಿಜ. ಆದರೂ ನಾಯಿಗಳನ್ನು ಪೂರ್ತಿ ತಡೆಯಿರಿ ಅನ್ನುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಈ ಮೂರು ತಪ್ಪುಗಳೂ ನಾಯಿ ಹಿಡಿದು ಬರುವ ನಮ್ಮವು, ಹಾಗಾಗಿ ಈ ಪತ್ರವನ್ನು ಅವರಿಗಿಂತ ಜಾಸ್ತಿ ನನ್ನಂಥವರಿಗೇ ಬರೆಯುತ್ತಿದ್ದೇನೆ.

ಮೊದಲು ಆ ದಾರಿ ನಮಗೆ ಯಾಕೆ ಬೇಕು ಅಂತ ಹೇಳಿಬಿಡುತ್ತೇನೆ.

ನನ್ನ ನಾಯಿ ಕೆಂಚಿಗೆ 13 ವರ್ಷ. ಹಿಂಗಾಲಿನ ಕೀಲು ಸವೆದಿದೆ. ಮೆಟ್ಟಿಲು ಹತ್ತುವುದಿಲ್ಲ, ಏರು ಕಂಡರೆ ಅಲ್ಲೇ ಕೂತುಬಿಡುತ್ತಾಳೆ. ಡಾಂಬರು ರಸ್ತೆಯಲ್ಲಿ ಹತ್ತು ನಿಮಿಷಕ್ಕೇ ಕುಂಟಲು ಶುರುಮಾಡುವ ಅವಳು, ಹಳ್ಳದ ಪಕ್ಕದ ಮಣ್ಣಿನ ದಾರಿಯಲ್ಲಿ ಮುಕ್ಕಾಲು ಗಂಟೆ ಆರಾಮಾಗಿ ನಡೆಯುತ್ತಾಳೆ. ನೆಲ ಸಮವಾಗಿದೆ. ಎಲೆ ಉದುರಿ ಉದುರಿ ಮೆತ್ತಗಾಗಿದೆ. ಬಿಸಿಲು ಅಲ್ಲಲ್ಲಿ ಚುಕ್ಕಿಯಾಗಿ ಬೀಳುತ್ತದೆ ಅಷ್ಟೆ. ಕಾಲು ನೋಯುವ ವಯಸ್ಸಾದವರು ಯಾಕೆ ಆ ದಾರಿಗೇ ಬರುತ್ತಾರೋ ಇವಳೂ ಅದಕ್ಕೇ ಬರುತ್ತಾಳೆ.

ಬಿಸಿಲಿನ ವಿಷಯವನ್ನು ನಾಯಿ ಸಾಕಿದವರೇ ಎಷ್ಟೋ ಜನ ಗಮನಿಸುವುದಿಲ್ಲ. ನಮ್ಮ ಕಾಲಿಗೆ ಚಪ್ಪಲಿ ಇರುತ್ತದೆ ಅಲ್ವಾ, ಅದಕ್ಕೇ ಗೊತ್ತಾಗುವುದಿಲ್ಲ. ಗಾಳಿಯ ಬಿಸಿ 25 ಡಿಗ್ರಿ ಇದ್ದರೂ, ಬಿಸಿಲಿಗೆ ಕಾದ ಡಾಂಬರು 50 ಡಿಗ್ರಿ ಮುಟ್ಟಬಹುದು. ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಸೆಕೆಂಡು ಇಟ್ಟು ನೋಡಿ. ಇಡಲು ಆಗದಿದ್ದರೆ ಆ ರಸ್ತೆಯಲ್ಲಿ ನಾಯಿಯನ್ನೂ ನಡೆಸಬಾರದು. ಅದಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಬೆವರು ಬರುವುದು ಅಂಗಾಲಲ್ಲಿ ಮಾತ್ರ. ಬಾಯಿ ತೆರೆದು, ನಾಲಿಗೆ ಚಾಚಿ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಪಗ್, ಬುಲ್‌ಡಾಗ್ ಥರದ ಚಪ್ಪಟೆ ಮೂತಿಯ ನಾಯಿಗಳಿಗೆ ಅದೂ ಸರಿಯಾಗಿ ಆಗುವುದಿಲ್ಲ. ನಾಯಿಯ ಮೈಯ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಆಸುಪಾಸು ಇರುತ್ತದೆ, 41 ದಾಟಿತೆಂದರೆ ಜೀವಕ್ಕೇ ಅಪಾಯ. ಮರದ ನೆರಳಿರುವ ದಾರಿ ನಾಯಿಗೆ ಎಷ್ಟು ದೊಡ್ಡ ಉಪಕಾರ ಅಂತ ಇದರಿಂದಲೇ ತಿಳಿಯುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಹಳ್ಳದ ಬದಿ ತಂಪಾಗಿದೆ ಅಂತ ಯಾವ ಹೊತ್ತಲ್ಲಾದರೂ ಹೋಗಬಹುದು ಅಂದುಕೊಳ್ಳಬೇಡಿ. ಗಾಳಿ ಆಡದ ದಿನ ಅಲ್ಲಿ ಸೆಕೆ ಜಾಸ್ತಿ. ನಾಲಿಗೆಯ ಮೇಲಿನ ತೇವ ಆರಿದರೆ ತಾನೆ ನಾಯಿಗೆ ತಂಪು? ಗಾಳಿಯಲ್ಲೇ ತೇವ ತುಂಬಿದ್ದರೆ ಅದು ಬೇಗ ಆರುವುದಿಲ್ಲ. ನೆರಳಿದ್ದರೂ ನಾಯಿ ಒಂದೇ ಸಮನೆ ಏದುತ್ತಿದ್ದರೆ, ನಡಿಗೆ ತೂರಾಡಿದರೆ, ಒಸಡು ಕಡುಗೆಂಪಾದರೆ ಅಲ್ಲಿಗೇ ನಿಲ್ಲಿಸಿ, ನೀರು ಕುಡಿಸಿ, ಹೊಟ್ಟೆ ಮತ್ತು ಕಾಲಿಗೆ ನೀರು ಹಾಕಿ, ತಡ ಮಾಡದೆ ಪಶುವೈದ್ಯರ ಹತ್ತಿರ ಹೋಗಿ.

ಇನ್ನೊಂದು ಸಂಗತಿ ನನಗೆ ಅರ್ಥವಾಗಲು ವರ್ಷಗಳೇ ಹಿಡಿದವು. ಮೊದಲೆಲ್ಲ ನಾನು ಕೆಂಚಿಯನ್ನು ದರದರ ಎಳೆದುಕೊಂಡು ಹೋಗುತ್ತಿದ್ದೆ. ಇಷ್ಟು ದೂರ ನಡೆಯಲೇಬೇಕು ಅಂತ ಲೆಕ್ಕ ಇಟ್ಟುಕೊಂಡಿದ್ದೆ. ಅವಳು ಒಂದು ಬೇರಿನ ಹತ್ತಿರ ನಿಂತು ಮೂಸಿದರೆ "ಬಾ ಬಾ" ಅಂತ ಜಗ್ಗುತ್ತಿದ್ದೆ. ಈಗ ಜಗ್ಗುವುದಿಲ್ಲ. ವಾಸನೆ ಹಿಡಿಯುವ ಜೀವಕೋಶಗಳು ನಮ್ಮ ಮೂಗಿನಲ್ಲಿ 50-60 ಲಕ್ಷ ಇದ್ದರೆ, ನಾಯಿಯ ಮೂಗಿನಲ್ಲಿ ತಳಿಗೆ ತಕ್ಕಂತೆ 30 ಕೋಟಿವರೆಗೂ ಇರುತ್ತವೆ ಅಂತ ಹೇಳುತ್ತಾರೆ. ತೇವ ಇರುವ, ನೆರಳಿರುವ ಜಾಗದಲ್ಲಿ ವಾಸನೆ ಜಾಸ್ತಿ ಹೊತ್ತು ನಿಲ್ಲುತ್ತದೆ. ರಾತ್ರಿ ಯಾವ ಪ್ರಾಣಿ ನೀರು ಕುಡಿಯಲು ಬಂದಿತ್ತು, ನಿನ್ನೆ ಯಾವ ನಾಯಿ ಇಲ್ಲಿ ಹಾದುಹೋಯಿತು, ಎಲ್ಲ ಅವಳಿಗೆ ಅಲ್ಲಿ ಸಿಗುತ್ತದೆ. ಒಂದು ಕಲ್ಲನ್ನು ಎರಡು ನಿಮಿಷ ಮೂಸಿ, ತಲೆ ಎತ್ತಿ, ಮೈ ಝಾಡಿಸಿ ಮುಂದೆ ಹೊರಡುತ್ತಾಳೆ. ಮನೆಗೆ ಬಂದ ಮೇಲೆ ನಿದ್ದೆ ಗಾಢ. ಅರ್ಧ ದೂರವೂ ನಡೆದಿರುವುದಿಲ್ಲ, ಆದರೆ ಮನಸ್ಸು ತುಂಬಿರುತ್ತದೆ. ಮನೆಯಲ್ಲಿ ವಯಸ್ಸಾದ ನಾಯಿ ಇರುವವರಿಗೆ ನಾನು ಯಾವಾಗಲೂ ಹೇಳುವುದು ಇಷ್ಟೇ, ನಡಿಗೆಯ ವೇಗವನ್ನು ಅದಕ್ಕೇ ಬಿಟ್ಟುಬಿಡಿ.

ಈಗ ಆ ಮೂರು ದೂರುಗಳಿಗೆ ಬರುತ್ತೇನೆ.

ಮೊದಲನೆಯದು ಬಿಟ್ಟ ನಾಯಿ. ಕಳೆದ ತಿಂಗಳು ನಮಗೇ ಆಯಿತು. ದಾರಿ ತಿರುಗುವ ಕಡೆ, ಎದುರು ಯಾರು ಬರುತ್ತಿದ್ದಾರೆ ಅಂತ ಕಾಣುವುದಿಲ್ಲ, ಅಲ್ಲಿ ಒಂದು ದೊಡ್ಡ ಎಳೆಯ ನಾಯಿ ಓಡಿ ಬಂದು ಸೀದಾ ಕೆಂಚಿಯ ಮೇಲೆ ಬಿತ್ತು. ಆಡುವುದಕ್ಕೇ ಬಂದದ್ದು, ನನಗೂ ಗೊತ್ತಾಯಿತು. ಆದರೆ ಅದರ ಭಾರಕ್ಕೆ ಕೆಂಚಿಯ ಹಿಂಗಾಲು ಮಡಚಿ ಅವಳು ಕುಸಿದಳು, ನೋವಿಗೆ ಕಿರುಚಿದಳು. ದೂರದಿಂದ ಒಬ್ಬರು ಕೈ ಬೀಸುತ್ತಾ "ಏನೂ ಮಾಡಲ್ಲ ಬಿಡಿ, ಫ್ರೆಂಡ್ಲಿ ಅದು" ಅಂದರು. ಆಮೇಲೆ ನಾಲ್ಕು ದಿನ ಅವಳು ಮನೆಯಿಂದ ಹೊರಗೆ ಕಾಲಿಡಲಿಲ್ಲ.

ಈ "ಏನೂ ಮಾಡಲ್ಲ" ಅನ್ನುವ ಮಾತನ್ನು ದಯವಿಟ್ಟು ಬಿಟ್ಟುಬಿಡೋಣ. ನಿಮ್ಮ ನಾಯಿ ಏನೂ ಮಾಡದೇ ಇರಬಹುದು. ಎದುರಿಗಿರುವ ನಾಯಿಗೆ ನೋವಿರಬಹುದು, ಭಯ ಇರಬಹುದು, ಅದು ಕಚ್ಚಬಹುದು. ಹಗ್ಗದಲ್ಲಿರುವ ನಾಯಿ ಓಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಅದಕ್ಕೇ ಗುರ್ ಅನ್ನುತ್ತದೆ. ಚಿಕ್ಕಂದಿನಲ್ಲಿ ನಾಯಿ ಕಚ್ಚಿಸಿಕೊಂಡ ಒಬ್ಬ ಹೆಂಗಸು ಅದೇ ದಾರಿಯಲ್ಲಿ ನಡೆಯುತ್ತಿರಬಹುದು, ಅವರಿಗೆ ನಿಮ್ಮ ನಾಯಿಯ ಸ್ವಭಾವ ಹೇಗೆ ಗೊತ್ತಾಗಬೇಕು? ದಾರಿ ಅಗಲವಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಪೊದೆ. ಪಕ್ಕಕ್ಕೆ ಸರಿಯೋಣ ಅಂದರೆ ಜಾಗವೇ ಇರುವುದಿಲ್ಲ. ಎರಡು ಮೀಟರ್ ಒಳಗಿನ ಗಟ್ಟಿ ಹಗ್ಗ ಸಾಕು. ಗುಂಡಿ ಒತ್ತಿದರೆ ಉದ್ದಕ್ಕೆ ಹೋಗುವ ಹಗ್ಗ ಇಂಥ ದಾರಿಗೆ ಬೇಡ, ತಿರುವಿನಲ್ಲಿ ಅದು ಇದ್ದೂ ಇಲ್ಲದ ಹಾಗೆ. ಹಗ್ಗ ನಮ್ಮ ನಾಯಿಗೂ ಒಳ್ಳೆಯದೇ. ಪೊದೆಯಲ್ಲಿ ಹಾವು ಇರುತ್ತದೆ. ಮೇಲೆಲ್ಲೋ ಮಳೆ ಬಂದರೆ ನಿನ್ನೆ ಮೊಣಕಾಲುದ್ದ ಇದ್ದ ಹಳ್ಳ ಇವತ್ತು ಸೆಳೆಯುತ್ತದೆ. ನಾಯಿ ಕೊಚ್ಚಿಹೋಯಿತು ಅಂತ ಹಿಂದೆಯೇ ಧುಮುಕಿ ಜೀವ ಕಳೆದುಕೊಂಡ ಜನರಿದ್ದಾರೆ.

ಎರಡನೆಯದು ಗಲೀಜು. "ಮಣ್ಣಿಗೆ ಗೊಬ್ಬರ ಆಗುತ್ತೆ ಬಿಡಿ" ಅಂತ ನನ್ನ ಹತ್ತಿರವೇ ಎಷ್ಟೋ ಜನ ಹೇಳಿದ್ದಾರೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು ಇದನ್ನು ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದರು. ಆ ಊರಿನ ಹತ್ತಿರದ ನಾಲ್ಕು ಹಸಿರು ಪ್ರದೇಶಗಳಲ್ಲಿ ನಾಯಿಗಳಿಂದ ವರ್ಷಕ್ಕೆ ಒಂದು ಹೆಕ್ಟೇರಿಗೆ ಸುಮಾರು 11 ಕೆಜಿ ಸಾರಜನಕ, 5 ಕೆಜಿ ರಂಜಕ ಬೀಳುತ್ತದೆ ಅಂತ ಅವರು ಅಂದಾಜು ಮಾಡಿದರು. ಗೊಬ್ಬರವೇ, ಸರಿ. ಆದರೆ ಅಲ್ಲಿ ಯಾರೂ ಬೆಳೆ ಬೆಳೆಯುತ್ತಿಲ್ಲವಲ್ಲ. ಸಾರ ಕಡಿಮೆ ಇರುವ ನೆಲದಲ್ಲೇ ಬದುಕುವ ಸಣ್ಣ ಸಣ್ಣ ಗಿಡಗಳು ಹೋಗಿ, ಗೊಬ್ಬರ ತಿಂದು ಕೊಬ್ಬುವ ಕಳೆ ಮಾತ್ರ ಉಳಿಯುತ್ತದೆ. ಮಳೆ ಬಂದಾಗ ಉಳಿದದ್ದೆಲ್ಲ ಹಳ್ಳಕ್ಕೆ, ನೀರಿನಲ್ಲಿ ಪಾಚಿ. ನಾಯಿಯ ಹೊಟ್ಟೆಯ ಜಂತುಹುಳದ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ, ಅದೇ ಮಣ್ಣಿನಲ್ಲಿ ಮಕ್ಕಳು ಆಡುತ್ತವೆ. ಅದೇ ಲೆಕ್ಕದಲ್ಲಿ ಸಮಾಧಾನದ ಮಾತೂ ಇದೆ: ಎಲ್ಲರೂ ಕಕ್ಕ ಎತ್ತಿದರೆ ರಂಜಕ 97%, ಸಾರಜನಕ 56% ಕಡಿಮೆಯಾಗುತ್ತದೆ. ಒಂದು ಚೀಲ, ಒಂದು ಸಲ ಬಗ್ಗುವುದು, ಅಷ್ಟಕ್ಕೇ ಇಷ್ಟು. ಎತ್ತಿ ಚೀಲ ಕಟ್ಟಿ ಕೊಂಬೆಗೆ ನೇತುಹಾಕಿ ಹೋಗುವವರೂ ಇದ್ದಾರೆ. ಅದಕ್ಕಿಂತ ಎತ್ತದೇ ಇರುವುದೇ ವಾಸಿ ಅನಿಸುತ್ತದೆ, ಪ್ಲಾಸ್ಟಿಕ್ ಆದರೂ ಉಳಿಯುವುದಿಲ್ಲ.

ಕಣ್ಣಿಗೆ ಕಾಣದ ಇನ್ನೊಂದು ಗಲೀಜನ್ನು ಆ ಓದುಗರು ಹೇಳಿರಲಿಲ್ಲ, ನಾನೇ ಹೇಳುತ್ತೇನೆ. ಉಣ್ಣಿ, ಚಿಗಟ ಬರಬಾರದು ಅಂತ ನಾಯಿಯ ಕತ್ತಿನ ಹಿಂದೆ ಹನಿ ಔಷಧ ಹಾಕುತ್ತೇವಲ್ಲ, ಅದರಲ್ಲಿ ಎಷ್ಟೋ ಸಲ ಇರುವುದು ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್. ಎರಡೂ ಕೀಟನಾಶಕ. ಇಂಗ್ಲೆಂಡಿನ 20 ನದಿಗಳಿಂದ 2016ರಿಂದ 2018ರವರೆಗೆ ತೆಗೆದ ನೀರಿನ ಮಾದರಿಗಳನ್ನು ಸಸೆಕ್ಸ್ ವಿಶ್ವವಿದ್ಯಾಲಯದವರು ನೋಡಿದಾಗ ಹೆಚ್ಚುಕಡಿಮೆ ಎಲ್ಲದರಲ್ಲೂ ಫಿಪ್ರೊನಿಲ್ ಇತ್ತು, ಮೂರರಲ್ಲಿ ಎರಡು ಪಾಲಿನಷ್ಟರಲ್ಲಿ ಇಮಿಡಾಕ್ಲೋಪ್ರಿಡ್. ನಾಯಿ ಬೆಕ್ಕುಗಳಿಗೆ ಹಾಕಿದ ಔಷಧ ತೊಳೆದು ಬರುವುದು ಇದಕ್ಕೆ ದೊಡ್ಡ ಕಾರಣ ಇರಬಹುದು ಅಂತ ಅವರು ಬರೆದರು. ಏರೋಪ್ಲೇನ್ ಚಿಟ್ಟೆಯ ಮರಿಗಳು ಬೆಳೆಯುವುದು ನೀರಿನಲ್ಲೇ. ಆ ಮರಿಗಳನ್ನು, ನೀರಿನ ಹುಳುಗಳನ್ನು ತಿಂದು ಮೀನು, ಕಪ್ಪೆ, ಹಕ್ಕಿ ಬದುಕುತ್ತವೆ. ಇದನ್ನು ಓದಿದ ದಿನ ನನಗೆ ನಿಜಕ್ಕೂ ಬೇಜಾರಾಯಿತು, ಯಾಕೆಂದರೆ ಔಷಧ ಹಾಕಿದ ಮಾರನೇ ದಿನವೇ ಕೆಂಚಿ ಹಳ್ಳಕ್ಕೆ ಇಳಿದು ಮೈ ನೆನೆಸಿಕೊಂಡದ್ದು ಎಷ್ಟು ಸಲವೋ. ಔಷಧ ಬೇಕೇ ಬೇಕು, ಉಣ್ಣಿಯಿಂದ ಬರುವ ಜ್ವರ ನಾಯಿಯನ್ನು ಕೊಲ್ಲುತ್ತದೆ. ಹಾಗಂತ ಹನಿ ಹಾಕಿ ನೀರಿಗೆ ಬಿಡಬೇಕಿಲ್ಲ. ಬಾಯಿಂದ ಕೊಡುವ ಮಾತ್ರೆಯೂ ಬಂದಿದೆ, ನಿಮ್ಮ ನಾಯಿಗೆ ಆಗುತ್ತದೆಯಾ ಅಂತ ಪಶುವೈದ್ಯರನ್ನು ಕೇಳಿ. ಮನೆಗೆ ಬಂದ ಮೇಲೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ, ಬಾಲದ ಬುಡದಲ್ಲಿ ಕೈಯಾಡಿಸಿ ಉಣ್ಣಿ ಹುಡುಕುವುದಂತೂ ದಿನಾ ಆಗಬೇಕು.

ಹಳ್ಳದ ನೀರಿನಿಂದ ನಾಯಿಗೂ ತೊಂದರೆಯಿದೆ. ಇಲಿ, ಹೆಗ್ಗಣದ ಮೂತ್ರ ಸೇರಿದ ನೀರಿನಿಂದ ಬರುವ ಲೆಪ್ಟೊಸ್ಪೈರೋಸಿಸ್ ಅನ್ನುವ ರೋಗ ನಾಯಿಯಿಂದ ನಮಗೂ ದಾಟುತ್ತದೆ. ಅದಕ್ಕೆ ಲಸಿಕೆ ಇದೆ, ವರ್ಷವರ್ಷ ಹಾಕಿಸಬೇಕು. ನೀರು ನಿಂತು, ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆ ಕಟ್ಟಿದ್ದರೆ ಹತ್ತಿರವೂ ಬಿಡಬೇಡಿ. ನೀಲಿ-ಹಸಿರು ಪಾಚಿಯಲ್ಲಿ ಕೆಲವು ವಿಷಕಾರಿ, ಕುಡಿದ ನಾಯಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ನಾನು ಒಂದು ಬಾಟಲಿ ನೀರು, ಮಡಚುವ ಬಟ್ಟಲು ಜೊತೆಗೆ ಒಯ್ಯುತ್ತೇನೆ.

ಮೂರನೆಯದು ಹಕ್ಕಿ. ಇಲ್ಲಿ ನನ್ನ ಹತ್ತಿರ ವಾದ ಇಲ್ಲ. ಸಿಡ್ನಿ ಹೊರವಲಯದ ಕಾಡಿನ ದಾರಿಗಳಲ್ಲಿ ನಡೆಸಿದ ಒಂದು ಪರೀಕ್ಷೆ 2007ರಲ್ಲಿ ಪ್ರಕಟವಾಯಿತು. ನಾಯಿ ನಡೆಸಿದ ಕಡೆ ಹಕ್ಕಿಗಳ ಬಗೆ 35%, ಒಟ್ಟು ಹಕ್ಕಿಗಳು 41% ಕಡಿಮೆ ಕಂಡವು. ಆ ನಾಯಿಗಳೆಲ್ಲ ಹಗ್ಗದಲ್ಲೇ ಇದ್ದವು, ಅದೇ ನನ್ನನ್ನು ಕಾಡುವುದು. ಮನುಷ್ಯರು ಮಾತ್ರ ನಡೆದಾಗ ತೊಂದರೆ ಇದರ ಅರ್ಧಕ್ಕಿಂತಲೂ ಕಡಿಮೆ. ನೆಲದ ಹತ್ತಿರ ಇರುವ ಹಕ್ಕಿಗಳೇ ಜಾಸ್ತಿ ಹೆದರಿದ್ದವು. ಅಂದ ಮೇಲೆ ಹಗ್ಗ ಹಿಡಿದರೆ ಎಲ್ಲ ಸರಿಹೋಯಿತು ಅಂತ ನಾನು ಹೇಳಲಾರೆ. ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ದಾರಿಯ ಒಂದು ಭಾಗಕ್ಕೆ ನಾಯಿ ಬರಬಾರದು ಅಂತ ಬೋರ್ಡ್ ಹಾಕಲಿ. ಪೊದೆ ದಟ್ಟ ಇರುವ, ಜನ ಕಡಿಮೆ ಹೋಗುವ ಭಾಗ ಯಾವುದೋ ಅದನ್ನೇ ಬಿಟ್ಟುಕೊಡೋಣ. ನಾನು ಒಪ್ಪುತ್ತೇನೆ, ಕೆಂಚಿಗೆ ಉಳಿದ ಭಾಗ ಸಾಕು.

ಇಂಥ ದಾರಿಗಳನ್ನು ನೋಡಿಕೊಳ್ಳುವವರಲ್ಲಿ ಕೇಳುವುದು ಸ್ವಲ್ಪವೇ ಇದೆ. ಎರಡೂ ತುದಿಯಲ್ಲಿ ಮುಚ್ಚಳ ಇರುವ ಕಸದ ಡಬ್ಬಿ ಇಡಿ, ದಿನಾ ಖಾಲಿ ಮಾಡಿಸಿ. ಹಗ್ಗ ಇರಲೇಬೇಕು ಅಂತ ನಿಯಮ ಮಾಡಿ, ಮೀರಿದವರಿಗೆ ದಂಡ ಹಾಕಿ. ಅಭಿವೃದ್ಧಿ ಅಂತ ಹೇಳಿ ದಾರಿಗೆ ಕಾಂಕ್ರೀಟ್ ಸುರಿಯಬೇಡಿ, ಅಗಲ ಮಾಡಲು ದಡದ ಮರ ಕಡಿಯಬೇಡಿ. ದಡದ ಮಣ್ಣನ್ನು ಹಿಡಿದಿಟ್ಟಿರುವುದು ಆ ಬೇರುಗಳು, ನೀರನ್ನು ತಂಪಾಗಿಟ್ಟಿರುವುದು ಆ ನೆರಳು. ನೆರಳು ಹೋದ ಮೇಲೆ ಅದು ಇನ್ನೊಂದು ಸುಡುವ ರಸ್ತೆ ಆಗುತ್ತದೆ, ನಾಯಿಗೂ ಮನುಷ್ಯರಿಗೂ.

ಕೊನೆಗೆ, ಪತ್ರ ಬರೆದ ಆ ಓದುಗರಿಗೆ. ನೀವು ಇಂಥ ದಾರಿಯಲ್ಲಿ ನಡೆಯುವಾಗ, ಕೆಂಚು ಬಣ್ಣದ ಮುದಿ ನಾಯಿಯೊಂದು ನಿಧಾನವಾಗಿ ಕಲ್ಲು ಮೂಸುತ್ತಾ ಎದುರಿಗೆ ಸಿಕ್ಕರೆ, ಅದು ನಾವೇ ಇರಬಹುದು. ಹಗ್ಗ ಗಿಡ್ಡ ಮಾಡಿಕೊಂಡು, ಅವಳನ್ನು ನನ್ನ ಕಾಲಿನ ಆಚೆ ಬದಿಗೆ ಕೂರಿಸಿ ನಿಲ್ಲುತ್ತೇನೆ. ನೀವು ಮೊದಲು ದಾಟಿ ಹೋಗಿ.

ಇಂತಿ,
ದಿನಾ ಬೆಳಿಗ್ಗೆ ಹಳ್ಳದ ದಾರಿಯಲ್ಲಿ ನಡೆಯುವ ಒಬ್ಬ ಓದುಗಾರ್ತಿ