ಕಲಗಚ್ಚು ಅಂದವನಿಗೆ

ಲೋ ಪುಣ್ಯಾತ್ಮ,

ಲಂಡನ್ನಿಗೆ ಬಂದಿಳಿದು ಹದಿನೈದು ದಿನ ಆಗಿಲ್ಲ, ಆಗಲೇ ‘ಇವರ ಟೀ ಕಲಗಚ್ಚು’ ಅಂತ ಡಂಗುರ ಸಾರಿದ್ದೀಯ. ನೀನು ಹತ್ತು ಜನರೆದುರು ಅಂದಿದ್ದಕ್ಕೆ ನಾನೂ ಹತ್ತು ಜನರೆದುರೇ ಉತ್ತರ ಕೊಡ್ತೀನಿ. ನೀನು ಹಾಕಿದ ಟೀ ಫೋಟೋ ನೋಡಿದೆ. ತಪ್ಪು ಟೀದಲ್ಲ, ನಿನ್ನದು.

ಟೀ ಬ್ಯಾಗ್, ಹಾಲು, ನೀರು ಮೂರನ್ನೂ ಒಟ್ಟಿಗೆ ಸುರಿದಿದ್ದೀಯ. ಫ್ರಿಜ್ಜಿನ ಹಾಲು ಬಿದ್ದ ಕೂಡಲೇ ಕಾವು ಇಳೀತು, ಟೀ ಸೊಪ್ಪು ರಸ ಬಿಡೋದು ಅಲ್ಲಿಗೆ ನಿಂತಿತು. ನಮ್ಮಲ್ಲಿ ಹಾಲಲ್ಲೇ ಕುದಿಸಿದರೂ ನಡೆಯುತ್ತೆ, ಪಾತ್ರೆ ಕೆಳಗೆ ಉರಿ ಇದೆ. ಇಲ್ಲಿ ಉರಿ ಎಲ್ಲಿದೆ? ಕೆಟಲ್ ಕೊಟ್ಟಷ್ಟೇ ಕಾವು. ಅದಕ್ಕೇ ಇಲ್ಲಿನ ಕೆಟಲ್ 3 ಕಿಲೋವ್ಯಾಟ್‌ದು, ಒಂದು ಲೀಟರ್ ನೀರು ಎರಡು ನಿಮಿಷ ಚಿಲ್ಲರೆಗೆ ಕುದಿಯುತ್ತೆ.

ಮಗ್ಗನ್ನು ಮೊದಲು ಬಿಸಿನೀರಲ್ಲಿ ಗಲಬರಿಸಿ ಚೆಲ್ಲು. 250 ಎಂ.ಎಲ್. ಮಗ್ಗಿಗೆ ಒಂದು ಬ್ಯಾಗ್. ಅದರಲ್ಲಿ ಸುಮಾರು 3 ಗ್ರಾಂ ಪುಡಿ ಇರುತ್ತೆ. ಕೆಟಲ್ ‘ಟಕ್’ ಅಂದ ಮರುಕ್ಷಣ ಹುಯ್ಯಿ. ಆಫೀಸಿನ ಬಿಸಿನೀರಿನ ನಲ್ಲಿಯನ್ನು ನಂಬಬೇಡ. 4 ನಿಮಿಷ ಸುಮ್ಮನೆ ಬಿಡು. ಬಾವಿಯಿಂದ ನೀರು ಸೇದುವ ಹಾಗೆ ದಾರ ಎಳೆದಾಡುವ ನಿನ್ನ ಕಸರತ್ತು ಬೇಡ. ತೆಗೆಯುವಾಗ ಚಮಚದಿಂದ ಮಗ್ಗಿನ ಅಂಚಿಗೆ ಒಮ್ಮೆ ಒತ್ತಿದರೆ ಸಾಕು, ಹಿಂಡಿದೆಯೋ, ಒಗರು. ಹಾಲು ಆಮೇಲೆ, ಎರಡು ದೊಡ್ಡ ಚಮಚ. ಇವರಲ್ಲಿ ಹೆಚ್ಚಿನವರು ಹಸಿರು ಲೇಬಲ್ಲಿನ ಅರೆಕೆನೆ ಹಾಲು ಹಾಕ್ತಾರೆ, ನನಗೆ ನೀಲಿ ಲೇಬಲ್ಲಿನ ಗಟ್ಟಿ ಹಾಲೇ ಆಗಬೇಕು. ಕೆಂಪು ಲೇಬಲ್ಲಿನ ಕೆನೆ ತೆಗೆದದ್ದು ಹಾಕಿದರೆ ಮಾತ್ರ ನಿನ್ನ ಕಲಗಚ್ಚಿನ ಮಾತು ನಿಜ.

‘ಹಾಲು ಮೊದಲು’ ಅನ್ನುವ ಪಂಗಡವೂ ಒಂದಿದೆ. ಅವರ ಮಾತು ಟೀಪಾಟಿನಿಂದ ಬಗ್ಗಿಸುವಾಗ ಸರಿ, ಎಲೆ ಆಗಲೇ ರಸ ಬಿಟ್ಟಿರುತ್ತೆ. 1980ರಲ್ಲಿ ಬಿಎಸ್ 6008 ಅಂತ ಟೀಗೊಂದು ಬ್ರಿಟಿಷ್ ಮಾನದಂಡವೇ ಬಂತು: 100 ಎಂ.ಎಲ್.ಗೆ 2 ಗ್ರಾಂ, 6 ನಿಮಿಷ. 1999ರಲ್ಲಿ ಅದಕ್ಕೆ ಇಗ್ ನೊಬೆಲ್ ಅನ್ನೋ ಅಣಕು ನೊಬೆಲ್ ಕೊಟ್ಟು ನಕ್ಕರು. ಅದು ರುಚಿ ಪರೀಕ್ಷಕರು ಒಂದು ಟೀಯನ್ನು ಇನ್ನೊಂದರ ಜೊತೆ ತೂಗಿ ನೋಡಲು ಮಾಡಿದ್ದು. ನೀನು ಮನೆಯಲ್ಲಿ ಪಾಲಿಸಿದರೆ ನಾಲಿಗೆ ಚಪ್ಪಲಿ ಆಗುತ್ತೆ.

ಇನ್ನು ಟೀ ಮೇಲೆ ತೇಲುವ ಆ ಕಂದು ಪೊರೆ. ಕೆನೆ ಅಂತ ಚಪ್ಪರಿಸಿರ್ತೀಯ, ಗೊತ್ತು. ಲಂಡನ್ನಿನದು ಸುಣ್ಣದ ನೆಲ ಹಾದು ಬರುವ ಗಡಸು ನೀರು. ಅದರ ಕ್ಯಾಲ್ಸಿಯಂ ಜೊತೆ ಟೀಗೆ ಒಗರು ಕೊಡುವ ಪಾಲಿಫಿನಾಲು, ಗಾಳಿಯ ಆಮ್ಲಜನಕ ಸೇರಿ ಕಟ್ಟುವ ಕೊಳೆ ಅದು. ಫಿಲ್ಟರ್ ಜಗ್ಗಿನ ನೀರು ಕಾಯಿಸು. ಕೆಟಲ್ ತಳದಲ್ಲಿ ಬಿಳಿ ಗಸಿ ಕಟ್ಟಿದರೆ ಒಂದು ಲೀಟರ್ ನೀರಿಗೆ ಎರಡು ಚಮಚ ನಿಂಬೆಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಕುದಿಸಿ, ಅರ್ಧ ಗಂಟೆ ಬಿಟ್ಟು ಚೆಲ್ಲು. ಆಮೇಲೆ ಬರೀ ನೀರು ಒಮ್ಮೆ ಕುದಿಸಿ ಚೆಲ್ಲೋದು ಮರೀಬೇಡ. ಮರೆತರೆ ಮುಂದಿನ ಟೀ ಹಾಲು ಒಡೆದು ಪನೀರು.

ಇದಕ್ಕಿಂತ ದೊಡ್ಡದು ಆಫೀಸಿನ ‘ಟೀ ರೌಂಡ್’. ನಿನಗೆ ಟೀ ಬೇಕೆಂದು ಎದ್ದರೆ ಸುತ್ತ ಇರುವವರನ್ನೆಲ್ಲ ಕೇಳಲೇಬೇಕು. ಕೇಳದಿದ್ದರೆ ಬಾಯಿಬಿಟ್ಟು ಏನೂ ಅನ್ನಲ್ಲ, ಆದರೆ ವರ್ಷಗಟ್ಟಲೆ ನೆನಪಿಟ್ಟುಕೊಳ್ತಾರೆ. ‘ವೈಟ್, ಟೂ’ ಅಂದರೆ ಹಾಲು, ಎರಡು ಚಮಚ ಸಕ್ಕರೆ. ‘ಬಿಲ್ಡರ್ಸ್’ ಅಂದರೆ ಇಟ್ಟಿಗೆ ಬಣ್ಣಕ್ಕೆ ಬರೋ ತನಕ ಬ್ಯಾಗ್ ತೆಗೀಬೇಡ. ಯಾರಿಗೆ ಹೇಗೆ ಅಂತ ಒಂದು ವಾರದಲ್ಲಿ ಬಾಯಿಪಾಠ ಆಗಬೇಕು.

ನನಗೆ ಆರು ಜನರದು ಬಾಯಿಪಾಠ. ಅಮ್ಮನದು ಗೊತ್ತಿಲ್ಲ ಕಣೋ. ಅವಳಿಗೆ ಸಕ್ಕರೆ ಎಷ್ಟು, ಹಾಲು ಎಷ್ಟು? ಮನೆಯಲ್ಲಿ ಒಂದೇ ಪಾತ್ರೆ, ಒಂದೇ ರುಚಿ. ಎಲ್ಲರಿಗೂ ಸೋಸಿ ತಳದಲ್ಲಿ ಉಳಿದದ್ದು ಅವಳ ಲೋಟಕ್ಕೆ. ನಿಂಗೆ ಹೆಂಗೆ ಬೇಕಮ್ಮ ಅಂತ ಯಾರೂ ಕೇಳಿದ್ದಿಲ್ಲ. ಈಗ ಫೋನಲ್ಲಿ ಕೇಳೋಣ ಅಂದುಕೊಳ್ತೀನಿ. ‘ಯಾಕೋ, ಹುಷಾರಿಲ್ವಾ?’ ಅಂತ ಗಾಬರಿ ಬಿದ್ದಾಳು ಅಂತ ಮಳೆ ಬಂತಾ ಅಂತ ಕೇಳಿ ಇಟ್ಟುಬಿಡ್ತೀನಿ.

ಹವಾಮಾನ ಮಾತಾಡಿ ಜಾರಿಕೊಳ್ಳೋದು! ಇಲ್ಲಿಯವರಿಂದ ನಾನು ಸರಿಯಾಗಿ ಕಲಿತದ್ದು ಅದೊಂದೇ ನೋಡು, ಟೀ ಅಲ್ಲ.

ಭಾನುವಾರ ಬಾ. ಬೈಟೂ ಕೇಳಿದರೆ ಒದೀತೀನಿ. ಬರುವಾಗ ಹಾಲು ತಗೊಂಡು ಬಾ, ನೀಲಿ ಲೇಬಲ್. ನಿನ್ನ ಆ ಎಮ್ಮೆ ಪ್ರಸಂಗ ಇಲ್ಲಿ ಬರೆಯಲ್ಲ, ಜನ ನೋಡ್ತಿದ್ದಾರೆ.

ಇಂತಿ,
ನಿನ್ನ ಅರ್ಧ ಲೋಟ