ಸಾವಿನ ನಕಾಶೆಗೆ ‘ಮನೋಬಲ’ ಕಾರಣವೇ?

ಮಾನ್ಯರೇ,

ಯಾವ ದೇಶದಲ್ಲಿ ಆತ್ಮಹತ್ಯೆ ಪ್ರಮಾಣ ಎಷ್ಟೆಂದು ತೋರಿಸುವ ವಿಶ್ವ ನಕಾಶೆಯನ್ನು ಭಾನುವಾರದ ಪುರವಣಿಯಲ್ಲಿ ನೋಡಿದೆ. ಕಡುಗೆಂಪು ಬಳಿದ ಕಡೆಯ ಜನರಿಗೆ ‘ಮನೋಬಲ ಕಡಿಮೆ’ ಎಂದು ಜೊತೆಗಿದ್ದ ಲೇಖನ ಹೇಳಿಬಿಟ್ಟಿತ್ತು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದಾದಿಯಾಗಿ ದುಡಿದ ನನಗೆ ಆ ಮಾತು ತುಂಬ ನೋವು ಕೊಟ್ಟಿತು.

ಶ್ರೀಲಂಕಾವನ್ನೇ ನೋಡಿ. 1995ರಲ್ಲಿ ಅಲ್ಲಿ ಲಕ್ಷಕ್ಕೆ 47 ಮಂದಿ ಹೀಗೆ ಪ್ರಾಣ ಕಳೆದುಕೊಳ್ಳುತ್ತಿದ್ದರು. ಅತಿ ವಿಷಕಾರಿ ಕೀಟನಾಶಕಗಳನ್ನು ಸರ್ಕಾರ ಒಂದೊಂದಾಗಿ ನಿಷೇಧಿಸುತ್ತ ಬಂತು. 2005ರ ಹೊತ್ತಿಗೆ ಈ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ಮುಂದೆ ಇನ್ನೂ ಇಳಿಯಿತು. ಬೆಳೆಯ ಇಳುವರಿ ಕುಗ್ಗಲಿಲ್ಲ. ಆ ಹತ್ತು ವರ್ಷದಲ್ಲಿ ಅಂತರ್ಯುದ್ಧ ಮುಗಿದಿರಲಿಲ್ಲ, ಬಡತನವೂ ತೊಲಗಿರಲಿಲ್ಲ. ಹಾಗಿದ್ದಮೇಲೆ ಜನರ ಮನೋಬಲ ದಿಢೀರನೆ ದುಪ್ಪಟ್ಟಾಯಿತೇ? ವಿಷ ಸೇವಿಸಿ ಆಸ್ಪತ್ರೆಗೆ ಬರುವವರ ಸಂಖ್ಯೆ ಅಲ್ಲಿ ಇಳಿದೇ ಇರಲಿಲ್ಲ. ಬಂದವರಲ್ಲಿ ಬದುಕುಳಿಯುವವರು ಹೆಚ್ಚಾದರು.

ಬದುಕುಳಿದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಒಮ್ಮೆ ಬೆಳಗಿನ ಜಾವ ಎಚ್ಚರಗೊಂಡ ಹೆಣ್ಣುಮಗಳೊಬ್ಬಳು, ಡ್ರಿಪ್ ಹಾಕಿದ್ದ ಕೈಯಲ್ಲೇ ನನ್ನ ಸೆರಗು ಹಿಡಿದು, ‘ಸಿಸ್ಟರ್, ಮಗು ಹಾಲು ಕುಡೀತಾ?’ ಎಂದು ಕೇಳಿದಳು. ಹಿಂದಿನ ಸಂಜೆ ಬದುಕೇ ಬೇಡ ಎಂದಿದ್ದವಳು ಅವಳು. ಆ ಕೆಟ್ಟ ಗಳಿಗೆ ದಾಟಿತ್ತು. ಎಲ್ಲರಿಗೂ ಅಷ್ಟು ಬೇಗ ದಾಟುವುದಿಲ್ಲ, ನಿಜ. ಆದರೆ ದಾಟಲು ಅವಕಾಶ ಸಿಕ್ಕಿದ್ದರೆ ಉಳಿಯುತ್ತಿದ್ದವರು ಬಹಳ ಮಂದಿ.

ತಿಳಿಬಣ್ಣದ ದೇಶಗಳಲ್ಲಿ ಎಲ್ಲರೂ ನೆಮ್ಮದಿಯಾಗಿದ್ದಾರೆಂದೂ ತಿಳಿಯಬೇಡಿ. ‘ಕಾಲು ಜಾರಿ ಬಿದ್ರು ಅಂತ ಬರ್ಕೊಳ್ಳಿ ಸಿಸ್ಟರ್’ ಎಂದು ಕೈಮುಗಿದ ಮನೆಯವರ ಮುಖ ನನಗಿನ್ನೂ ನೆನಪಿದೆ. ಆತ್ಮಹತ್ಯೆ ಯತ್ನ ಅಪರಾಧವಾಗಿರುವ ಕಡೆ, ಮನೆತನಕ್ಕೆ ಕಳಂಕವೆನಿಸುವ ಕಡೆ ಲೆಕ್ಕವೇ ಮುಚ್ಚಿಹೋಗುತ್ತದೆ. 2021ರಲ್ಲಿ ಜಗತ್ತಿನಾದ್ಯಂತ 7.2 ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಹೇಳುತ್ತದೆ.

ಫಿನ್‌ಲೆಂಡ್ ಲೆಕ್ಕಕ್ಕೆ ಹೆದರಲಿಲ್ಲ. 1987ರ ಏಪ್ರಿಲ್‌ನಿಂದ ಒಂದು ವರ್ಷ ಅಲ್ಲಿ ನಡೆದ ಎಲ್ಲ ಆತ್ಮಹತ್ಯೆಗಳ ಹಿನ್ನೆಲೆಯನ್ನೂ ಕೆದಕಿ ನೋಡಿದರು, ಮನೆಯವರನ್ನು ಕೂರಿಸಿಕೊಂಡು ಮಾತಾಡಿಸಿದರು. ಖಿನ್ನತೆಯಿದ್ದ ಬಹಳ ಮಂದಿಗೆ ಸರಿಯಾದ ಚಿಕಿತ್ಸೆಯೇ ಸಿಕ್ಕಿರಲಿಲ್ಲವೆಂದು ಗೊತ್ತಾಯಿತು. 1990ರಲ್ಲಿ ಅಲ್ಲಿದ್ದ ಪ್ರಮಾಣದ ಅರ್ಧವೂ ಇಂದು ಇಲ್ಲ.

ಪತ್ರಿಕೆಗಳ ಪಾಲೂ ಇದರಲ್ಲಿ ದೊಡ್ಡದು. 1980ರ ದಶಕದಲ್ಲಿ ವಿಯೆನ್ನಾದ ಸುರಂಗ ರೈಲುಮಾರ್ಗದಲ್ಲಿ ಇಂಥ ಸಾವು ಏರತೊಡಗಿದಾಗ ಅಲ್ಲಿನ ಪತ್ರಿಕೆಗಳು ಪ್ರತಿಯೊಂದನ್ನೂ ರಂಜಿಸಿ ಬರೆಯುತ್ತಿದ್ದವು. 1987ರ ನಡುವೆ ತಜ್ಞರ ಮಾತು ಕೇಳಿ ಆ ವೈಭವೀಕರಣ ಬಿಟ್ಟವು. ಆ ವರ್ಷದ ಮೊದಲ ಆರು ತಿಂಗಳಿಗೆ ಹೋಲಿಸಿದರೆ ಮುಂದಿನ ಆರು ತಿಂಗಳಲ್ಲಿ ಅಲ್ಲಿ ಇಂಥ ಘಟನೆಗಳು ಶೇ 80ಕ್ಕೂ ಹೆಚ್ಚು ತಗ್ಗಿದವು.

ದಯವಿಟ್ಟು ‘ಮನೋಬಲ’ದ ಆ ಸಾಲನ್ನು ತಿದ್ದಿ. ಈಗಾಗಲೇ ಕುಗ್ಗಿ ಕೂತವರು ಅದನ್ನು ತಮ್ಮ ಬಗ್ಗೆಯೇ ಬರೆದದ್ದೆಂದು ಓದಿಕೊಳ್ಳುತ್ತಾರೆ. ಈ ವಿಷಯ ಮತ್ತೆ ಅಚ್ಚಾಗುವಾಗ ಕೆಳಗೆ ಸಹಾಯವಾಣಿ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕಿ. ಭಾನುವಾರ ಅದು ಇರಲಿಲ್ಲ.

– ನಿವೃತ್ತ ದಾದಿ