‘ಸ್ಯಾಂಕ್ಷನ್’ ಎಂಬ ಪದದ ಬಗ್ಗೆ ಗೆಳೆಯನಿಗೊಂದು ಪತ್ರ

ಸರಸ್ವತಿಪುರಂ, ಮೈಸೂರು

ಪ್ರಿಯ ಗೆಳೆಯಾ,

ಮಂಡ್ಯದಿಂದ ನೀನು ಬರೆದ ಕಾಗದ ತಲುಪಿತು. ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿರುವ ನಿನ್ನ ಮಗಳು ಇಂಗ್ಲಿಷ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ‘ಸ್ಯಾಂಕ್ಷನ್’ ಎಂಬ ಪದವನ್ನು ಒಂದು ಕಡೆ ಅನುಮತಿಯೆಂಬ ಅರ್ಥದಲ್ಲಿಯೂ ಇನ್ನೊಂದು ಕಡೆ ದಂಡನೆಯೆಂಬ ಅರ್ಥದಲ್ಲಿಯೂ ಕಂಡು ಗೊಂದಲಗೊಂಡಿದ್ದಾಳೆಂದೂ, ಇವೆರಡರಲ್ಲಿ ಸರಿ ಯಾವುದೆಂದು ತಿಳಿಸಬೇಕೆಂದೂ ಕೇಳಿದ್ದೀಯೆ. ಎರಡೂ ಸರಿ. ಆದರೆ ಅಷ್ಟು ಹೇಳಿ ಬಿಟ್ಟರೆ ಆಕೆ ಎರಡು ಅರ್ಥಗಳನ್ನು ಬಾಯಿಪಾಠ ಮಾಡಿಕೊಂಡು, ಪರೀಕ್ಷೆಯ ಕೊಠಡಿಯಲ್ಲಿ ಯಾವುದನ್ನು ಎಲ್ಲಿ ಹಚ್ಚಬೇಕೆಂದು ತಿಳಿಯದೆ ಕೂರಬೇಕಾಗುತ್ತದೆ. ಆದ್ದರಿಂದ ಈ ಎರಡು ಅರ್ಥಗಳು ಒಂದೇ ಪದದಲ್ಲಿ ಹೇಗೆ ಕೂಡಿಕೊಂಡವೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲನೆಯ ಅರ್ಥ ನಮಗೆ ಹೊಸದಲ್ಲ. ಸಹಕಾರ ಸಂಘದಲ್ಲಿ ಬೆಳೆ ಸಾಲ ‘ಸ್ಯಾಂಕ್ಷನ್ ಆಯಿತು’ ಎಂದು ಇಂಗ್ಲಿಷ್ ಓದದ ರೈತನೂ ಹೇಳುತ್ತಾನೆ. ವಿದ್ಯುತ್ ಸಂಪರ್ಕದ ಕಾಗದಗಳಲ್ಲಿ ‘ಸ್ಯಾಂಕ್ಷನ್ಡ್ ಲೋಡ್’ ಎಂದರೆ ನಮ್ಮ ಮನೆಗೆ ಮಂಜೂರಾದ ವಿದ್ಯುತ್ ಹೊರೆಯೆಂದೂ, ಇಲಾಖೆಗಳಲ್ಲಿ ‘ಸ್ಯಾಂಕ್ಷನ್ಡ್ ಪೋಸ್ಟ್’ ಎಂದರೆ ಮಂಜೂರಾದ ಹುದ್ದೆಯೆಂದೂ ಎಲ್ಲರಿಗೂ ಗೊತ್ತು. ಹೀಗೆ ಒಂದು ಅರ್ಥ ನಾಲಗೆಯ ಮೇಲೆ ನೆಲೆಸಿಬಿಟ್ಟಿರುವುದೇ ನಿನ್ನ ಮಗಳ ತೊಡಕಿಗೆ ಕಾರಣ. ಪೂರ್ತಿ ಅಪರಿಚಿತವಾದ ಪದವಾಗಿದ್ದರೆ ಆಕೆ ನಿಘಂಟನ್ನು ತೆರೆದು ನೋಡುತ್ತಿದ್ದಳು. ಅರ್ಧ ಗೊತ್ತಿರುವ ಪದಕ್ಕಾಗಿ ಯಾರೂ ನಿಘಂಟನ್ನು ತೆರೆಯುವುದಿಲ್ಲ.

ಈ ಪದದ ಮೂಲ ಲ್ಯಾಟಿನ್ ಭಾಷೆಯ ‘ಸಾಂಕಿರೆ’ ಎಂಬ ಕ್ರಿಯಾಪದ. ಪವಿತ್ರಗೊಳಿಸು, ಯಾರೂ ಮೀರದಂತೆ ವಿಧಿಸು ಎಂಬುದು ಅದರ ಅರ್ಥ. ಸಂತನೆಂಬ ಅರ್ಥದ ‘ಸೇಂಟ್’ ಪದವೂ ಅದೇ ಕುಟುಂಬಕ್ಕೆ ಸೇರಿದ್ದು. ನಿಮ್ಮ ಜಿಲ್ಲೆಯ ರಂಗನತಿಟ್ಟನ್ನು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿದಾಗ ಅದರ ಇಂಗ್ಲಿಷ್ ಹೆಸರಿನಲ್ಲಿ ಸೇರಿಕೊಂಡ ‘ಸ್ಯಾಂಕ್ಚುಅರಿ’ ಎಂಬ ಪದವೂ ಅದೇ ಕುಟುಂಬದ್ದೇ. ಮೊದಲು ಪವಿತ್ರ ಸ್ಥಳವೆಂದಿದ್ದ ಆ ಪದ, ಅಲ್ಲಿ ಆಶ್ರಯ ಪಡೆದವರನ್ನು ಯಾರೂ ಮುಟ್ಟಬಾರದೆಂಬ ಕಟ್ಟಳೆಯಿಂದಾಗಿ ರಕ್ಷಣೆಯ ತಾಣವೆಂಬ ಅರ್ಥವನ್ನು ಪಡೆಯಿತು. ರೋಮನ್ನರ ಕಾನೂನಿನಲ್ಲಿ ‘ಸಾಂಕ್ಟಿಯೊ’ ಎಂದರೆ ಶಾಸನವೊಂದರಲ್ಲಿ ಅದನ್ನು ಉಲ್ಲಂಘಿಸಿದವರಿಗೆ ಆಗುವ ದಂಡನೆಯನ್ನು ಹೇಳುವ ಭಾಗ. ಹೀಗೆ ವಿಧಿಯನ್ನು ಸ್ಥಿರಪಡಿಸುವುದೂ ಮೀರಿದವರನ್ನು ದಂಡಿಸುವುದೂ ಆರಂಭದಲ್ಲಿ ಒಂದೇ ಕೆಲಸದ ಎರಡು ಮುಖಗಳಾಗಿದ್ದವು. ಮುಂದೆ ಯುರೋಪಿನಲ್ಲಿ ಅದು ರಾಜಾಜ್ಞೆಯ ಹೆಸರೂ ಆಯಿತು. ಪವಿತ್ರ ರೋಮನ್ ಸಾಮ್ರಾಜ್ಯದ ಆರನೆಯ ಚಾರ್ಲ್ಸ್ ಚಕ್ರವರ್ತಿಯು ಹೆಣ್ಣುಮಕ್ಕಳಿಗೂ ತನ್ನ ರಾಜ್ಯದ ಉತ್ತರಾಧಿಕಾರ ಸಿಗುವಂತೆ 1713ರಲ್ಲಿ ಹೊರಡಿಸಿದ ಆಜ್ಞೆಯನ್ನು ಇತಿಹಾಸದಲ್ಲಿ ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’ ಎಂದು ಕರೆಯುತ್ತಾರೆ. ಅಲ್ಲಿ ಅನುಮತಿ ಅಥವಾ ದಂಡನೆ ಎಂದು ಅರ್ಥ ಮಾಡಿದರೆ ಹೊಂದುವುದಿಲ್ಲ.

ಇದನ್ನು ನಿನ್ನ ಮಗಳಿಗೆ ತಿಳಿಸಲು ರೋಮಿನವರೆಗೆ ಹೋಗಬೇಕಾಗಿಯೂ ಇಲ್ಲ. ಶಾಸನ ಎಂಬ ನಮ್ಮ ಪದವನ್ನೂ ‘ತಕ್ಕ ಶಾಸ್ತಿಯಾಯಿತು’ ಎನ್ನುವಾಗ ಬಳಸುವ ಶಾಸ್ತಿ ಎಂಬ ಪದವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಹೇಳು. ಎರಡೂ ಸಂಸ್ಕೃತದ ಶಾಸ್ ಎಂಬ ಒಂದೇ ಧಾತುವಿನಿಂದ ಬಂದವು. ಒಂದು ವಿಧಿಸುತ್ತದೆ, ಇನ್ನೊಂದು ದಂಡಿಸುತ್ತದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ದೇವಸ್ಥಾನದ ಮುಂದೆಯೋ ಕೆರೆಯ ಏರಿಯ ಮೇಲೆಯೋ ನಿಂತಿರುವ ದಾನಶಾಸನಗಳ ರಚನೆಯೂ ಹೀಗೆಯೇ ಇದೆ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಸಂಗ್ರಹದ ಮೈಸೂರು ಜಿಲ್ಲೆಯ ಸಂಪುಟಗಳನ್ನು ತಿರುವಿಹಾಕಿದರೆ (ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ, ಆದ್ದರಿಂದ ನಿಮ್ಮ ಕಡೆಯ ಕಲ್ಲುಗಳೂ ಅವುಗಳಲ್ಲೇ ಇವೆ) ಇಂಥವರಿಗೆ ಇಂತಿಷ್ಟು ಭೂಮಿಯನ್ನು ಬಿಟ್ಟುಕೊಟ್ಟಿದೆ ಎಂಬ ಭಾಗ ಮೊದಲು ಬರುವುದನ್ನೂ, ಕೊನೆಯಲ್ಲಿ ಈ ಧರ್ಮವನ್ನು ಅಳಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪಕ್ಕೆ ಹೋಗುವನೆಂಬ ಎಚ್ಚರಿಕೆ ಬರುವುದನ್ನೂ ಮತ್ತೆಮತ್ತೆ ಕಾಣಬಹುದು. ಕೊಟ್ಟ ಭೂಮಿಯನ್ನು ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುವನೆಂಬ ಶ್ಲೋಕವೂ ಅನೇಕ ಕಲ್ಲುಗಳಲ್ಲಿದೆ. ಕೊಡುವ ಮಾತೂ ಶಿಕ್ಷೆಯ ಮಾತೂ ಒಂದೇ ಕಲ್ಲಿನಲ್ಲಿವೆ. ಇಂಗ್ಲಿಷಿನಲ್ಲಿ ಆದದ್ದು ಇಷ್ಟೇ: ಕಲ್ಲಿನ ಮೇಲಿನ ಸಾಲುಗಳಿಂದ ಒಂದು ಅರ್ಥ ಹೊರಟಿತು, ಕೆಳಗಿನ ಸಾಲುಗಳಿಂದ ಇನ್ನೊಂದು ಅರ್ಥ ಹೊರಟಿತು, ಪದ ಮಾತ್ರ ಒಂದೇ ಉಳಿಯಿತು. ಹೀಗೆ ತಿಳಿದುಕೊಂಡವರಿಗೆ ಈ ಪದವನ್ನು ಮರೆಯುವುದು ಕಷ್ಟವೆಂದು ನನ್ನ ನಂಬಿಕೆ.

ಇನ್ನು ಬಳಕೆಯ ವಿಷಯ. ಬಹುವಚನದಲ್ಲಿ ‘ಸ್ಯಾಂಕ್ಷನ್ಸ್’ ಎಂದಿದ್ದು, ಅದರ ಮುಂದೆ ‘ಆನ್’ ಅಥವಾ ‘ಅಗೇನ್‌ಸ್ಟ್’ ಎಂಬ ಪದ ಬಂದು, ಆಮೇಲೆ ದೇಶದ ಹೆಸರಿದ್ದರೆ ಅದು ದಂಡನಾತ್ಮಕ ಕ್ರಮವೇ ಆಗಿರುತ್ತದೆ. ಇಥಿಯೋಪಿಯಾದ ಮೇಲೆ ದಾಳಿ ಮಾಡಿದ ಇಟಲಿಯ ವಿರುದ್ಧ 1935ರಲ್ಲಿ, ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘ ಕೈಗೊಂಡ ಆರ್ಥಿಕ ಕ್ರಮಗಳು ಇಂಥವು. ವಿಶ್ವಸಂಸ್ಥೆಯ ಸನ್ನದಿನ 41ನೆಯ ವಿಧಿಯು ಸೇನಾಬಲವನ್ನು ಬಳಸದ ಇಂತಹ ಕ್ರಮಗಳಿಗೆ ಅವಕಾಶ ಕೊಡುತ್ತದೆ. 1998ರ ಮೇ ತಿಂಗಳಲ್ಲಿ ಪೋಖರಣ್‌ನಲ್ಲಿ ಅಣುಪರೀಕ್ಷೆ ನಡೆದ ಮೇಲೆ ಅಮೆರಿಕ ನಮ್ಮ ದೇಶದ ಮೇಲೂ ಅಂತಹ ಕ್ರಮಗಳನ್ನು ಹೇರಿತ್ತು. ನಮ್ಮ ಪತ್ರಿಕೆಗಳು ಇವುಗಳನ್ನು ‘ಆರ್ಥಿಕ ದಿಗ್ಬಂಧನ’ ಎಂದು ಬರೆಯುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ದಿಗ್ಬಂಧನವೆಂದರೆ ಎಲ್ಲ ದಿಕ್ಕುಗಳಿಂದಲೂ ಮುತ್ತಿ ಕಟ್ಟಿಹಾಕುವುದು, ಅದು ಯುದ್ಧನೌಕೆಗಳು ಬಂದರನ್ನು ಅಡ್ಡಗಟ್ಟುವುದಕ್ಕೆ ತಕ್ಕ ಪದ. ಕೆಲವು ವ್ಯಕ್ತಿಗಳ ಆಸ್ತಿಯನ್ನು ತಡೆಹಿಡಿಯುವುದೋ ಒಂದೆರಡು ಸರಕುಗಳ ಮಾರಾಟವನ್ನು ನಿಲ್ಲಿಸುವುದೋ ಆದರೆ ‘ನಿರ್ಬಂಧ’ ಎನ್ನುವುದೇ ಸರಿ.

ಏಕವಚನದಲ್ಲಿ ಎಚ್ಚರ ಹೆಚ್ಚು ಬೇಕು. ‘ಸ್ಯಾಂಕ್ಷನ್ ಫಾರ್ ಪ್ರಾಸಿಕ್ಯೂಷನ್’ ಎಂಬ ಮಾತನ್ನು ನಿನ್ನ ಮಗಳು ಪತ್ರಿಕೆಗಳಲ್ಲಿಯೂ ಪಠ್ಯಗಳಲ್ಲಿಯೂ ಖಂಡಿತವಾಗಿ ಕಾಣುತ್ತಾಳೆ. ಸಾರ್ವಜನಿಕ ನೌಕರನ ವಿರುದ್ಧ ಮೊಕದ್ದಮೆ ನಡೆಸಲು ಕೆಲವು ಸಂದರ್ಭಗಳಲ್ಲಿ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಇರಬೇಕೆಂದು 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೆಯ ಪ್ರಕರಣವು ಹೇಳುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 197ನೆಯ ಪ್ರಕರಣದಲ್ಲಿದ್ದ ಇಂತಹದೇ ನಿಯಮ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೆಯ ಪ್ರಕರಣವಾಗಿದೆ. ಇಲ್ಲಿ ಸ್ಯಾಂಕ್ಷನ್ ಎಂದರೆ ಅನುಮತಿ ಮಾತ್ರ. ಆದರೆ ಅದು ಸಿಕ್ಕಿತೆಂದರೆ ಆರೋಪಿಗೆ ಸಂಕಟ, ಸಿಗಲಿಲ್ಲವೆಂದರೆ ಬಿಡುಗಡೆಯ ನಿಟ್ಟುಸಿರು. ಆದ್ದರಿಂದ ಅದನ್ನು ದಂಡನೆಯೆಂದು ತಪ್ಪಾಗಿ ಓದಿಕೊಂಡವರಿಗೂ ವಾಕ್ಯ ಹೇಗೋ ಹೊಂದಿದಂತೆಯೇ ಕಾಣುತ್ತದೆ, ತಪ್ಪು ತಿಳಿಯುವುದೇ ಇಲ್ಲ. ಪರೀಕ್ಷೆಯ ದೃಷ್ಟಿಯಿಂದ ಅತಿ ಹೆಚ್ಚು ಗಮನ ಕೊಡಬೇಕಾದ ಪ್ರಯೋಗ ಇದೇ ಎಂದು ಆಕೆಗೆ ಒತ್ತಿ ಹೇಳು.

ಸಮಾಜಶಾಸ್ತ್ರದ ಪುಸ್ತಕಗಳನ್ನು ಓದಿದರೆ ಮೂರನೆಯದೊಂದು ಬಳಕೆ ಎದುರಾಗುತ್ತದೆ. ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರಿಗೆ ಆಕ್ಸ್‌ಫರ್ಡಿನಲ್ಲಿ ಗುರುವಾಗಿದ್ದ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್ ಅವರ ಬರಹಗಳಲ್ಲಿ, ಸಮಾಜವು ಒಪ್ಪಿದ ನಡತೆಗೆ ಸಿಗುವ ಮನ್ನಣೆಯೂ ಒಪ್ಪದ ನಡತೆಗೆ ಸಿಗುವ ಶಿಕ್ಷೆಯೂ ಸ್ಯಾಂಕ್ಷನ್ ಎಂದೇ ಕರೆಸಿಕೊಳ್ಳುತ್ತವೆ. ಊರಿನವರು ಹಾರ ಹಾಕಿ ಗೌರವಿಸುವುದೂ ಬಹಿಷ್ಕಾರ ಹಾಕುವುದೂ ಆ ಲೆಕ್ಕದಲ್ಲಿ ಒಂದೇ ವರ್ಗಕ್ಕೆ ಸೇರುತ್ತವೆ; ಮೊದಲನೆಯದನ್ನು ‘ಪಾಸಿಟಿವ್’ ಎಂದೂ ಎರಡನೆಯದನ್ನು ‘ನೆಗೆಟಿವ್’ ಎಂದೂ ವಿಂಗಡಿಸುತ್ತಾರೆ.

ಕ್ರಿಯಾಪದವಾಗಿ ಬಳಸುವಾಗ ಕರ್ಮಪದವನ್ನು ನೋಡಬೇಕು. ಸಾಲ, ವೆಚ್ಚ, ಯೋಜನೆ, ರಜೆ ಇವುಗಳನ್ನು ‘ಸ್ಯಾಂಕ್ಷನ್’ ಮಾಡಿದರೆಂದರೆ ಮಂಜೂರು ಮಾಡಿದರೆಂದು ಅರ್ಥ. ದೇಶವನ್ನೋ ಕಂಪನಿಯನ್ನೋ ವ್ಯಕ್ತಿಯನ್ನೋ ಮಾಡಿದರೆಂದರೆ ಅವರ ಮೇಲೆ ನಿರ್ಬಂಧ ಹೇರಿದರೆಂದು ಅರ್ಥ. ಈ ಎರಡನೆಯ ಕ್ರಿಯಾರೂಪ ಇಪ್ಪತ್ತನೆಯ ಶತಮಾನದಲ್ಲಿ ಹಬ್ಬಿದ್ದು, ಆದ್ದರಿಂದ ಹಳೆಯ ಗ್ರಂಥಗಳನ್ನು ಓದುವಾಗ ಮೊದಲನೆಯದನ್ನೇ ಹಿಡಿಯಬೇಕು.

ಕಾಗದದ ಕೊನೆಯಲ್ಲಿ ನೀನು ಕಳುಹಿಸಿರುವ ಆಕೆಯ ಪ್ರಬಂಧದ ವಾಕ್ಯದಲ್ಲಿ ‘ಸರ್ಕಾರ ಸ್ಯಾಂಕ್ಷನ್ ಮಾಡಿದ ಸಂಸ್ಥೆಗಳು’ ಎಂಬ ಅರ್ಥದ ಮಾತಿದೆ. ಇಂಗ್ಲಿಷಿನಲ್ಲಿ ಅದನ್ನು ಓದುವ ಪರೀಕ್ಷಕರು ಸರ್ಕಾರ ಮಾನ್ಯ ಮಾಡಿದ ಸಂಸ್ಥೆಗಳೆಂದೂ ತಿಳಿಯಬಹುದು, ನಿರ್ಬಂಧಕ್ಕೆ ಒಳಪಡಿಸಿದ ಸಂಸ್ಥೆಗಳೆಂದೂ ತಿಳಿಯಬಹುದು. ಅಲ್ಲಿ ಆ ಪದವನ್ನು ತೆಗೆದು ‘ಅಪ್ರೂವ್ಡ್’ ಎಂದು ಬರೆಯಲು ಹೇಳು. ‘ಓವರ್‌ಸೈಟ್’ ಎಂಬ ಪದದ ಬಗ್ಗೆಯೂ ಕೇಳಿದ್ದೀಯಲ್ಲ, ಅದಕ್ಕೂ ಮೇಲ್ವಿಚಾರಣೆ, ಕಣ್ತಪ್ಪು ಎಂಬ ಎರಡು ಅರ್ಥಗಳಿವೆ. ‘ಆನ್ ಓವರ್‌ಸೈಟ್’ ಎಂದು ಒಂದು ಘಟನೆಯಾಗಿ ಬಂದರೆ ಬಹುಮಟ್ಟಿಗೆ ಕಣ್ತಪ್ಪು, ಸಮಿತಿಯ ಹೆಸರಿನ ಜೊತೆಗೆ ಬಂದರೆ ಮೇಲ್ವಿಚಾರಣೆ. ಆಕೆ ಮುಂದಿನ ಪ್ರಬಂಧವನ್ನು ಬರೆದ ಮೇಲೆ ಅದನ್ನೂ ಕಳುಹಿಸು, ಓದಿ ಗುರುತು ಹಾಕಿ ಹಿಂದಿರುಗಿಸುತ್ತೇನೆ. ಮನೆಯವರೆಲ್ಲರಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ